ಒಂದು ಲೋಟ ನೀರಿನ ಪ್ರಶ್ನೆ

ಈ ಬೇಸಿಗೆಯಲ್ಲಿ ನಮ್ಮ ಊರಿನ ಗಿರಣಿ ಕೆಲಸಗಾರರ ಸಭೆಯೊಂದು ನಡೆಯಿತು. ಮಧ್ಯಾಹ್ನದ ಬಿಸಿಲು, ತಗಡಿನ ಮಾಡು. ಬಂದವರಿಗೆಲ್ಲ ನೀರು ಕೊಟ್ಟರು, ಚಹಾ ಕೊಟ್ಟರು. ಗಾಲಿಕುರ್ಚಿಯಲ್ಲಿ ಬಂದಿದ್ದ ಒಬ್ಬ ಗೆಳೆಯರು ಮಾತ್ರ ಎರಡನ್ನೂ ಮುಟ್ಟಲಿಲ್ಲ. ಅವರು ಹಮಾಲಿ ಮಾಡಿಕೊಂಡಿದ್ದವರು. ಕೆಲವು ವರ್ಷಗಳ ಹಿಂದೆ ಹತ್ತಿ ಬೇಲುಗಳ ಅಟ್ಟಿಯ ಮೇಲಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡರು. ಅಂದಿನಿಂದ ಸೊಂಟದ ಕೆಳಗೆ ಸ್ವಾಧೀನವಿಲ್ಲ.

"ಚಹಾ ಬ್ಯಾಡಾದರೆ ನೀರಾದರೂ ಕುಡೀರಿ" ಎಂದೆವು.

"ಬ್ಯಾಡ ಮೇಷ್ಟ್ರೇ. ಸಭೆಗೆ ಬರಬೇಕು ಅಂತ ನಿನ್ನೆ ರಾತ್ರಿಯಿಂದಲೇ ನೀರು ಬಿಟ್ಟೀನಿ. ಕುಡಿದರೆ ಆಮೇಲೆ ಎಲ್ಲಿಗೆ ಹೋಗ್ಲಿ?" ಎಂದರು.

ನಮ್ಮ ಬಳಿ ಉತ್ತರವಿರಲಿಲ್ಲ. ಆ ಕಟ್ಟಡದ ಪಾಯಿಖಾನೆಗೆ ಎರಡು ಮೆಟ್ಟಿಲು, ಬಾಗಿಲು ಎರಡೇ ಅಡಿ ಅಗಲ. ಸಭೆಗೆ ಜಾಗ ಗೊತ್ತುಮಾಡಿದವರು ನಾವೇ. ಧ್ವನಿವರ್ಧಕ ನೋಡಿದ್ದೆವು, ಜಮಖಾನೆ ನೋಡಿದ್ದೆವು, ಇದನ್ನು ನೋಡಿರಲಿಲ್ಲ. ಆದ್ದರಿಂದ ಈ ಅಗ್ರಲೇಖನ ಮೊದಲು ನಮ್ಮ ತಪ್ಪೊಪ್ಪಿಗೆ. ಆಮೇಲೆ ಉಳಿದವರಿಗೆ ಹೇಳುವ ಮಾತು.

ಕೂಲಿ, ಬೋನಸ್ಸು, ಬೆಲೆ ಏರಿಕೆಗಳ ವಿಷಯ ಬರುವ ಜಾಗದಲ್ಲಿ ಮೂತ್ರದ ಮಾತೇ ಎಂದು ಕೆಲವರು ಮೂಗು ಮುರಿಯಬಹುದು. ಮುರಿಯಲಿ. ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಮಗು ಕಿರುಬೆರಳೆತ್ತಿದರೆ ಪಾಠ ನಿಲ್ಲಿಸಿ ಹೊರಗೆ ಕಳಿಸುತ್ತಿದ್ದೆವು. ಅದು ಮಗುವಿಗೆ ನಾವು ಮಾಡುವ ಉಪಕಾರವೆಂದು ಯಾರೂ ಎಣಿಸಲಿಲ್ಲ. ಬೆಳೆದು ದೊಡ್ಡವನಾಗಿ, ದುಡಿದು, ದುಡಿಮೆಯಲ್ಲೇ ಮೈ ಮುರಿದುಕೊಂಡವನಿಗೆ ಮಾತ್ರ ಆ ಕಿರುಬೆರಳೆತ್ತುವ ಹಕ್ಕೂ ಇಲ್ಲವೆಂದರೆ ಅದು ನ್ಯಾಯವಲ್ಲ.

ಮೊದಲು ಸಂಗತಿ ಏನೆಂದು ತಿಳಿಯಬೇಕು. ಬೆನ್ನುಹುರಿ ಪೆಟ್ಟಾದರೆ ಕಾಲು ಹೋಗುವುದು ಎಲ್ಲರ ಕಣ್ಣಿಗೆ ಕಾಣುತ್ತದೆ. ಕಾಣದಿರುವುದು ಇನ್ನೊಂದು: ಮೂತ್ರಕೋಶ ತುಂಬಿದೆ ಎಂದು ಮಿದುಳಿಗೆ ಹೇಳುವ ನರವೂ, ಈಗ ಬಿಡು ಎಂದು ಅಪ್ಪಣೆ ತರುವ ನರವೂ ಅದೇ ಹುರಿಯಲ್ಲಿವೆ. ಅವು ಕಡಿದ ಮೇಲೆ ಕೆಲವರಿಗೆ ಮೂತ್ರ ತಾನಾಗಿ ಸೋರುತ್ತದೆ, ಕೆಲವರಿಗೆ ಒಳಗೇ ನಿಂತುಬಿಡುತ್ತದೆ. ಸೋರಿದರೆ ಮಾನಕ್ಕೆ ಕುಂದು, ನಿಂತರೆ ಪ್ರಾಣಕ್ಕೆ ಕುಂದು. ನಿಂತ ಮೂತ್ರ ಕೊಳೆತು, ಸೋಂಕು ಮೇಲೇರಿ, ಮೂತ್ರಪಿಂಡವನ್ನೇ ಕೆಡಿಸುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬೆನ್ನುಹುರಿಗೆ ಗುಂಡು ತಾಗಿದ ಸಿಪಾಯಿಗಳಲ್ಲಿ ಬಹುಮಂದಿ ಸತ್ತದ್ದು ಗುಂಡಿನಿಂದಲ್ಲ. ಮೂತ್ರದ ಸೋಂಕಿನಿಂದ, ಬೆನ್ನಿನ ಒತ್ತುಹುಣ್ಣಿನಿಂದ.

ಈ ಸಾವುಗಳನ್ನು ತಡೆಯಬಹುದು ಎಂದು ಹಟಹಿಡಿದು ತೋರಿಸಿದವರಲ್ಲಿ ಮುಖ್ಯನಾದವನು ಲುಡ್‌ವಿಗ್ ಗುಟ್‌ಮನ್. ನಾಜಿಗಳ ಜರ್ಮನಿಯಿಂದ ತಪ್ಪಿಸಿಕೊಂಡು 1939ರಲ್ಲಿ ಇಂಗ್ಲೆಂಡಿಗೆ ಬಂದ ಯೆಹೂದಿ ವೈದ್ಯ ಈತ. 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಎಂಬಲ್ಲಿ ಬೆನ್ನುಹುರಿ ರೋಗಿಗಳ ವಿಭಾಗ ತೆರೆದ. ರೋಗಿಗಳನ್ನು ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿ ಮಲಗಿಸಿದ, ಮೂತ್ರವನ್ನು ಶುಚಿಯಾಗಿ ತೆಗೆಸಿದ, ಬದುಕಿ ಉಳಿದವರಿಗೆ ಕಸುಬು ಕಲಿಸಿದ. 1948ರಲ್ಲಿ ಅಲ್ಲಿ 16 ಮಂದಿಯೊಡನೆ ಶುರುವಾದ ಆಟದ ಪಂದ್ಯವೇ ಇಂದಿನ ಪ್ಯಾರಾಲಿಂಪಿಕ್ಸಿನ ಮೂಲ. ಜಗತ್ತು ಆ ಪಂದ್ಯವನ್ನು ನೆನೆಯುತ್ತದೆ. ಪಂದ್ಯಕ್ಕೆ ಮೊದಲು ಮೂತ್ರದ ಲೆಕ್ಕ ಸರಿಹೋಗಬೇಕಾಗಿತ್ತು ಎಂಬುದನ್ನು ಮರೆಯುತ್ತದೆ. ನಮ್ಮ ಪಕ್ಕದ ವೆಲ್ಲೂರಿನಲ್ಲಿ ಡಾಕ್ಟರ್ ಮೇರಿ ವರ್ಗೀಸ್ 1954ರ ವಾಹನ ಅಪಘಾತದಲ್ಲಿ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಅಂಥ ರೋಗಿಗಳನ್ನು ಮತ್ತೆ ಬದುಕಿಗೆ ನಿಲ್ಲಿಸುವ ಸಂಸ್ಥೆ ಅಲ್ಲಿ 1966ರಲ್ಲಿ ತೆರೆಯಿತು. ಗಾಲಿಕುರ್ಚಿ ಎಂದರೆ ಬದುಕು ಮುಗಿಯಿತು ಎನ್ನುವವರು ಇವರನ್ನು ನೆನೆಯಬೇಕು.

ಇಂದು ಇರುವ ಉಪಾಯಗಳು ನಾಲ್ಕು. ಯಾವುದು ಯಾರಿಗೆ ಎಂಬುದನ್ನು ವೈದ್ಯರು ಪರೀಕ್ಷೆ ಮಾಡಿ ಹೇಳಬೇಕು. ನೆರೆಮನೆಯವರನ್ನು ನೋಡಿ ತೀರ್ಮಾನಿಸುವ ವಿಷಯವಲ್ಲ.

ಮೊದಲನೆಯದು, ನಾಲ್ಕರಿಂದ ಆರು ಗಂಟೆಗೊಮ್ಮೆ ತೆಳುವಾದ ನಳಿಕೆಯನ್ನು ತಾವೇ ಹಾಕಿಕೊಂಡು ಮೂತ್ರ ತೆಗೆದು, ನಳಿಕೆಯನ್ನು ಹೊರಗೆ ತೆಗೆದುಬಿಡುವುದು. ಈ ನಳಿಕೆಗೆ ಕ್ಯಾಥೆಟರ್ ಎನ್ನುತ್ತಾರೆ. ಇದನ್ನು ಆಸ್ಪತ್ರೆಯಲ್ಲಿ, ಕುದಿಸಿದ ಉಪಕರಣಗಳಿಂದಲೇ ಮಾಡಬೇಕು ಎಂಬ ನಂಬಿಕೆ ಒಂದು ಕಾಲಕ್ಕಿತ್ತು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಜ್ಯಾಕ್ ಲ್ಯಾಪಿಡಿಸ್ ಎಂಬ ವೈದ್ಯ 1972ರಲ್ಲಿ ಬೇರೆ ಮಾತು ಹೇಳಿದ: ಸೋಪಿನಿಂದ ಕೈ ತೊಳೆದು ಶುಚಿಯಾಗಿ ಮಾಡಿಕೊಂಡರೆ ಸಾಕು, ಮೂತ್ರಕೋಶ ಉಬ್ಬಿ ನಿಲ್ಲದಂತೆ ಹೊತ್ತಿಗೆ ಸರಿಯಾಗಿ ಖಾಲಿ ಮಾಡುವುದೇ ಮುಖ್ಯ ಎಂದ. ಆಸ್ಪತ್ರೆಯ ಹಿಡಿತದಲ್ಲಿದ್ದ ಕೆಲಸ ಅಂದಿನಿಂದ ರೋಗಿಯ ಕೈಗೆ ಬಂತು. ಕೈ ಚೆನ್ನಾಗಿ ಆಡುವವರಿಗೆ ವೈದ್ಯರು ಸಾಮಾನ್ಯವಾಗಿ ಮೊದಲು ಹೇಳುವುದು ಇದನ್ನೇ.

ಎರಡನೆಯದು, ಒಳಗೇ ಇರುವ ನಳಿಕೆ. ತುದಿಯಲ್ಲಿ ನೀರು ತುಂಬಿದ ಸಣ್ಣ ಬುಗ್ಗೆ ಇರುವುದರಿಂದ ಅದು ಜಾರಿ ಬರುವುದಿಲ್ಲ. ಮೂರನೆಯದು, ಹೊಟ್ಟೆಯ ಕೆಳಭಾಗದಲ್ಲಿ ಸಣ್ಣ ರಂಧ್ರ ಮಾಡಿ ಅಲ್ಲಿಂದ ಹಾಕುವ ನಳಿಕೆ. ನಾಲ್ಕನೆಯದು ಗಂಡಸರಿಗೆ ಮಾತ್ರ: ಕಾಂಡೋಮಿನಂತೆ ಹೊರಗಿನಿಂದ ತೊಡಿಸಿ ಕೊಳವೆಗೆ ಜೋಡಿಸುವುದು. ಮೂತ್ರ ತಾನಾಗಿ, ಪೂರ್ತಿಯಾಗಿ ಹೊರಬರುವವರಿಗಷ್ಟೇ ಇದು ತಕ್ಕದ್ದು. ಹೆಂಗಸರಿಗೆ ಇದರಷ್ಟು ಸುಲಭವಾಗಿ ಹೊರಗಿನಿಂದ ತೊಡುವ ಸಾಧನವಿಲ್ಲವಾದ್ದರಿಂದ ಅವರ ಕಷ್ಟ ಒಂದು ಪಟ್ಟು ಹೆಚ್ಚು.

ಮೊದಲನೆಯದನ್ನು ಬಿಟ್ಟು ಉಳಿದವಕ್ಕೆ ಮೂತ್ರ ಇಳಿಯಲು ಚೀಲ ಬೇಕು. ಆಸ್ಪತ್ರೆಯಲ್ಲಿ ಮಂಚಕ್ಕೆ ತೂಗುಹಾಕುವ ಎರಡು ಲೀಟರಿನ ಚೀಲವನ್ನು ಎಲ್ಲರೂ ನೋಡಿದ್ದಾರೆ. ಬಹುಮಂದಿ ಮನೆಗೆ ಬಂದ ಮೇಲೂ ಅದನ್ನೇ ಗಾಲಿಕುರ್ಚಿಯ ಪಕ್ಕಕ್ಕೆ ಕಟ್ಟಿಕೊಂಡು, ಬೀದಿಯ ಕಣ್ಣೆಲ್ಲ ಅದರ ಮೇಲೆ ಬೀಳುವುದನ್ನು ತಾಳಲಾರದೆ, ಹೊರಗೆ ಬರುವುದನ್ನೇ ಬಿಡುತ್ತಾರೆ. ಅವರಲ್ಲಿ ಅನೇಕರಿಗೆ ಯಾರೂ ಹೇಳದ ಮಾತೊಂದಿದೆ: ಕಾಲಿಗೆ ಕಟ್ಟುವ ಸಣ್ಣ ಚೀಲ ಎಂಬುದು ಬೇರೆಯೇ ಇದೆ. ಔಷಧದಂಗಡಿಯವರು ಲೆಗ್ ಬ್ಯಾಗ್ ಎನ್ನುತ್ತಾರೆ. 350, 500, 750 ಮಿಲಿಲೀಟರ್ ಅಳತೆಗಳಲ್ಲಿ ಬರುತ್ತದೆ. ತೊಡೆಗೋ ಮೀನಖಂಡಕ್ಕೋ ಪಟ್ಟಿಯಿಂದ ಕಟ್ಟಿ ಮೇಲೆ ಪಂಚೆ, ಲುಂಗಿ, ಸಡಿಲ ಪ್ಯಾಂಟು, ಸೀರೆ ಯಾವುದಿದ್ದರೂ ಪಕ್ಕದಲ್ಲಿ ಕೂತವನಿಗೂ ತಿಳಿಯುವುದಿಲ್ಲ. ದೊಡ್ಡ ಚೀಲ ರಾತ್ರಿಗೆ, ಸಣ್ಣದು ಹಗಲಿಗೆ.

ಇದನ್ನು ಬಳಸುವ ಕ್ರಮವನ್ನು ಬಿಡಿಸಿ ಹೇಳುತ್ತೇವೆ. ಓದಿದವರು ಬೇಕಾದವರಿಗೆ ಹೇಳಲಿ. ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಇಲ್ಲದಿದ್ದರೆ ಮೂತ್ರ ಹಿಂದಕ್ಕೆ ಹರಿದೀತು. ಕೊಳವೆ ಎಲ್ಲೂ ಮಡಚಬಾರದು, ತೊಡೆಯ ಕೆಳಗೆ ಸಿಕ್ಕಿಕೊಳ್ಳಬಾರದು. ನಳಿಕೆಯನ್ನು ತೊಡೆಗೆ ಪಟ್ಟಿ ಹಾಕಿ ನಿಲ್ಲಿಸಿದರೆ ಎಳೆತ ಬೀಳುವುದಿಲ್ಲ. ಅರ್ಧ ತುಂಬಿ ಸ್ವಲ್ಪ ಮೇಲಾಗುತ್ತಲೇ ಖಾಲಿ ಮಾಡಬೇಕು. ಪೂರ್ತಿ ತುಂಬಿದ ಚೀಲ ಜಗ್ಗುತ್ತದೆ, ಉಬ್ಬಿ ಬಟ್ಟೆಯ ಹೊರಗೂ ಕಾಣುತ್ತದೆ. ಪಟ್ಟಿ ಬಿಗಿಯಾದರೆ ಸ್ಪರ್ಶವಿಲ್ಲದ ಕಾಲಿಗೆ ನೋವೇ ತಿಳಿಯದೆ ಹುಣ್ಣಾಗುತ್ತದೆ. ಆದ್ದರಿಂದ ದಿನವೂ ಚರ್ಮ ನೋಡಬೇಕು, ಚೀಲ ಕಟ್ಟುವ ಕಾಲನ್ನು ಬದಲಿಸಬೇಕು. ಪ್ಲಾಸ್ಟಿಕ್ಕು ಬೆವರಿಗೆ ಅಂಟದಂತೆ ತೆಳು ಹತ್ತಿಬಟ್ಟೆಯ ಗವಸು ಹೊಲಿಸಿದರೆ ಹಿತ. ವಾಸನೆಯ ಭಯ ಎಲ್ಲರಿಗೂ ಇದೆ. ಸೋರದೆ ಮುಚ್ಚಿದ ಚೀಲದಿಂದ ವಾಸನೆ ಹೊರಬರುವುದಿಲ್ಲ. ಬಂದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಚೀಲ ಹಳತಾಗಿದೆ, ಇಲ್ಲವೇ ಸೋಂಕು ತಗಲಿದೆ. ವಾರಕ್ಕೊಮ್ಮೆಯಾದರೂ ಚೀಲ ಬದಲಿಸಬೇಕು ಎನ್ನುತ್ತಾರೆ. ದುಡ್ಡಿಲ್ಲದೆ ತಿಂಗಳುಗಟ್ಟಲೆ ಒಂದನ್ನೇ ತೊಳೆದು ಕಟ್ಟಿಕೊಳ್ಳುವವರಿಗೆ ಈ ಮಾತು ಹೇಗೆ ಕೇಳುತ್ತದೆ ಎಂಬುದನ್ನು ಬಲ್ಲೆವು. ಅದರ ವಿಷಯ ಮುಂದೆ ಬರುತ್ತದೆ.

ನೀರು ಬಿಡುವುದಂತೂ ಸಲ್ಲದು. ವೈದ್ಯರು ಬೇರೆ ಕಾರಣಕ್ಕೆ ಕಡಿಮೆ ಕುಡಿಯಿರಿ ಎಂದು ಹೇಳಿದ್ದರೆ ಮಾತು ಬೇರೆ. ಇಲ್ಲದಿದ್ದರೆ ನೀರು ಕಡಿಮೆಯಾದಷ್ಟೂ ಮೂತ್ರ ದಟ್ಟವಾಗಿ, ಕಲ್ಲು ಕಟ್ಟಿ, ನಳಿಕೆ ಮುಚ್ಚಿ, ಸೋಂಕು ಹೆಚ್ಚುತ್ತದೆ. ಒಂದು ದಿನದ ಮಾನ ಉಳಿಸಿಕೊಳ್ಳಲು ಮೂತ್ರಪಿಂಡವನ್ನೇ ಅಡ ಇಟ್ಟಂತೆ ಇದು. ಗಾರ್ಮೆಂಟ್ ಕಾರ್ಖಾನೆಗಳ ಹೆಣ್ಣುಮಕ್ಕಳಿಗೆ ಈ ಲೆಕ್ಕ ಹೊಸದಲ್ಲ. ಮೇಲ್ವಿಚಾರಕನ ಕಣ್ಣಿಗೆ ಹೆದರಿ, ಕೊಳಕು ಪಾಯಿಖಾನೆಗೆ ಹೇಸಿ ಬಾಯಾರಿಕೆ ನುಂಗಿದವರು ಅವರಲ್ಲಿ ಎಷ್ಟೋ ಮಂದಿ. ನಡೆಯುವವರ ಬಾಯಾರಿಕೆಯೂ ಕೂತವರ ಬಾಯಾರಿಕೆಯೂ ಒಂದೇ ಬಾವಿಯ ನೀರಿಗಾಗಿ ಎಂಬುದನ್ನು ನಮ್ಮ ಸಂಘಗಳು ತಿಳಿಯಬೇಕು.

ಜೊತೆಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬನೂ ನೆನಪಿಡಬೇಕಾದ ಒಂದು ಅಪಾಯವಿದೆ. ಪೆಟ್ಟು ಬೆನ್ನಿನ ಮೇಲ್ಭಾಗದಲ್ಲೋ ಕುತ್ತಿಗೆಯಲ್ಲೋ ಆಗಿದ್ದವರಿಗೆ, ಕೊಳವೆ ಮಡಚಿ ಮೂತ್ರಕೋಶ ಉಬ್ಬಿದರೆ, ರಕ್ತದೊತ್ತಡ ಒಮ್ಮೆಗೇ ಏರುತ್ತದೆ. ತಲೆ ಸಿಡಿಯುವ ನೋವು, ಮುಖ ಕೆಂಪಾಗುವುದು, ಬೆವರು ಇಳಿಯುವುದು ಇದರ ಗುರುತು. ಪ್ರಾಣಕ್ಕೇ ಅಪಾಯ. ಅಂಥವರನ್ನು ಮಲಗಿಸಬಾರದು. ನೆಟ್ಟಗೆ ಕೂರಿಸಿ, ಬಿಗಿಯಾದ ಬಟ್ಟೆ, ಪಟ್ಟಿ ಸಡಿಲಿಸಿ, ಕೊಳವೆಯ ಮಡಿಕೆ ಬಿಡಿಸಿ, ಚೀಲ ಖಾಲಿ ಮಾಡಬೇಕು. ಕೂಡಲೇ ತಗ್ಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ತಲೆನೋವೆಂದು ಗುಳಿಗೆ ಕೊಟ್ಟು ಮಲಗಿಸಿದರೆ ಕೈಮೀರೀತು.

ಇಷ್ಟೆಲ್ಲ ಉಪಾಯವಿರುವಾಗ ನಮ್ಮ ಗೆಳೆಯರು ನೀರು ಬಿಟ್ಟದ್ದೇಕೆ? ಚೀಲ ಅವರ ಬಳಿಯೂ ಇತ್ತು. ಅದನ್ನು ಖಾಲಿ ಮಾಡಲು ಜಾಗವಿರಲಿಲ್ಲ. ಎಷ್ಟು ಜಾಗ ಬೇಕು ಎಂಬುದನ್ನು ಅವರನ್ನೇ ಕೇಳಿದೆವು. ಕುರ್ಚಿಯಿಂದ ಇಳಿಯುವ ಅಗತ್ಯವೂ ಅವರಿಗಿಲ್ಲ. ಬಚ್ಚಲಿನ ಬಳಿಗೋ ಪಾಯಿಖಾನೆಯ ಗುಂಡಿಯ ಬಳಿಗೋ ಕುರ್ಚಿ ತಳ್ಳಿಕೊಂಡು ಹೋಗಿ, ಪ್ಯಾಂಟಿನ ಅಂಚು ಮಡಚಿ, ಚೀಲದ ಕೆಳಗಿನ ನಲ್ಲಿ ತಿರುಗಿಸಿದರೆ ಮುಗಿಯಿತು. ಐದು ನಿಮಿಷದ ಕೆಲಸ. ಅದಕ್ಕೆ ಮೆಟ್ಟಿಲಿಲ್ಲದ ದಾರಿ, ಮೂರು ಅಡಿ ಅಗಲದ ಬಾಗಿಲು, ಕುರ್ಚಿ ತಿರುಗಲು ಐದು ಅಡಿ ಜಾಗ, ಒಳಗಿನಿಂದ ಚಿಲಕ, ಕೈ ತೊಳೆಯಲು ನಲ್ಲಿ ಮತ್ತು ಸೋಪು, ಮುಚ್ಚಳವಿರುವ ಒಂದು ಕಸದ ಬುಟ್ಟಿ ಇದ್ದರೆ ಸಾಕು. ನಳಿಕೆಯನ್ನು ತಾವೇ ಹಾಕಿಕೊಳ್ಳುವವರಿಗೆ ಸಾಮಾನು ಇಡಲು ಒಂದು ಹಲಗೆ ಹೆಚ್ಚಿಗೆ. ಇದು ಅರಮನೆಯ ಬಯಕೆಯಲ್ಲ.

ಮರೆ ಬೇಕೆನ್ನುವುದು ಅವರ ಹಕ್ಕು. ತನ್ನ ಮೈಯ ಗುಟ್ಟನ್ನು ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂಬುದು ಅವರವರಿಗೆ ಸೇರಿದ್ದು. ಆದರೆ ಅವರ ಮರೆಗೂ ನಮ್ಮ ಮೌನಕ್ಕೂ ವ್ಯತ್ಯಾಸವಿದೆ. ಅವರು ಚೀಲವನ್ನು ಮರೆಮಾಡಿದರೆ ಅದು ಮಾನ. ನಾವು ವಿಷಯವನ್ನೇ ಮುಚ್ಚಿಟ್ಟರೆ ಅದು ಹೊಣೆಗೇಡಿತನ. ಮಾತಾಡಲು ನಾಚಿದ್ದರಿಂದಲೇ ಬಾಗಿಲುಗಳು ಎರಡು ಅಡಿಯಾಗಿ ಉಳಿದಿವೆ.

ಈಗ ಕಾನೂನಿನ ಮಾತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡ ಎಂದಾಗ ಸರ್ಕಾರಿ ಕಚೇರಿಯನ್ನಷ್ಟೇ ಹೇಳುವುದಿಲ್ಲ. ಜನ ಬಂದುಹೋಗುವ ಖಾಸಗಿ ಕಟ್ಟಡ, ಕೆಲಸದ ಜಾಗ, ವ್ಯಾಪಾರದ ಜಾಗ, ದೇವಸ್ಥಾನ, ಆಸ್ಪತ್ರೆ ಎಲ್ಲವೂ ಅದರಲ್ಲಿ ಸೇರಿವೆ. ಅದರ ನಿಯಮಗಳು 2017ರ ಜೂನ್ ತಿಂಗಳಲ್ಲಿ ಬಂದವು. ಇರುವ ಕಟ್ಟಡಗಳನ್ನು ಐದು ವರ್ಷದೊಳಗೆ ಸರಿಪಡಿಸಬೇಕು ಎಂದು ಕಾಯ್ದೆ ಹೇಳಿತು. ಆ ಗಡುವು 2022ರಲ್ಲೇ ಮುಗಿಯಿತು. ನಮ್ಮ ಊರಿನಲ್ಲಿ ಎಷ್ಟು ಬಾಗಿಲು ಅಗಲವಾದವು ಎಂಬುದನ್ನು ಓದುಗರು ತಾವೇ ಎಣಿಸಲಿ. ಅಂಗವಿಕಲರಿಗೆಂದು ಕಟ್ಟಿಸಿದ ಕೊಠಡಿಗೆ ಬೀಗ ಜಡಿದು ಪೊರಕೆ, ಬಕೆಟ್ಟು, ಮುರಿದ ಬೆಂಚು ತುಂಬಿಟ್ಟಿರುವುದನ್ನೂ ನಾವು ಕಂಡಿದ್ದೇವೆ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಈ ನಿಯಮಗಳು ಬರೀ ಸಲಹೆಯಾಗಿ ಉಳಿದರೆ ಸಾಲದು, ಕಡ್ಡಾಯವಾಗಿ ಪಾಲಿಸಬೇಕಾದ ಅಳತೆಗಳನ್ನು ಗೊತ್ತುಮಾಡಬೇಕು ಎಂದು ಕೇಂದ್ರ ಸರ್ಕಾರಕ್ಕೆ ಹೇಳಿತು. 2025ರ ಜನವರಿಯಲ್ಲಿ ಅದೇ ಕೋರ್ಟು, ದೇಶದ ನ್ಯಾಯಾಲಯಗಳಲ್ಲೆಲ್ಲ ಅಂಗವಿಕಲರಿಗೂ ಶೌಚಾಲಯವಿರಬೇಕು, ಅದು ಮಾನದಿಂದ ಬದುಕುವ ಹಕ್ಕಿಗೆ ಸೇರಿದ್ದು ಎಂದಿತು. ಮೂತ್ರದ ಮಾತಿಗೆ ಮೂಗು ಮುರಿಯುವವರು ಈ ತೀರ್ಪನ್ನು ಓದಿಕೊಳ್ಳಲಿ.

ಈ ಕಾಯ್ದೆಯಲ್ಲೇ ಗಿರಣಿಯವರಿಗೆ ನಾಟಬೇಕಾದ ಒಂದು ಪಕ್ಷಪಾತವಿದೆ. ನೌಕರಿಯಲ್ಲಿದ್ದಾಗ ಅಂಗವಿಕಲನಾದವನನ್ನು ತೆಗೆದುಹಾಕಬಾರದು, ಅದೇ ಸಂಬಳಕ್ಕೆ ಬೇರೆ ಕೆಲಸ ಕೊಡಬೇಕು ಎಂದು ಅದು ಹೇಳುತ್ತದೆ. ಆದರೆ ಆ ರಕ್ಷಣೆಯನ್ನು ಕೊಟ್ಟಿರುವುದು ಸರ್ಕಾರಿ ಸಂಸ್ಥೆಗಳ ನೌಕರರಿಗೆ. ಖಾಸಗಿ ಗಿರಣಿಯವನಿಗೆ, ಬೇಲು ಹೊತ್ತವನಿಗೆ, ಅಡಿಕೆ ಮರ ಹತ್ತಿ ಬಿದ್ದವನಿಗೆ, ಸಾರವೆಯಿಂದ ಜಾರಿದ ಗಾರೆಯವನಿಗೆ ಅದಿಲ್ಲ. ಬೆನ್ನು ಮುರಿಯುವುದು ಹೆಚ್ಚಾಗಿ ಎತ್ತರದಿಂದ ಬಿದ್ದು, ಇಲ್ಲವೇ ರಸ್ತೆಯ ಅಪಘಾತದಲ್ಲಿ. ಎತ್ತರಕ್ಕೆ ಹತ್ತುವವನು ಯಾರು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗಿರುವಾಗ ನಾವು ಮಾಡಬೇಕಾದ್ದೇನು?

ಕೆಲಸಗಾರರ ಸಂಘಗಳು ಮುಂದಿನ ಬೇಡಿಕೆ ಪಟ್ಟಿಯಲ್ಲಿ ಎರಡು ಮಾತು ಸೇರಿಸಲಿ. ಗಿರಣಿಯ ಒಂದು ಶೌಚಾಲಯವನ್ನಾದರೂ ಗಾಲಿಕುರ್ಚಿ ಒಳಗೆ ಹೋಗುವಂತೆ ಮಾಡಬೇಕು. ಕೆಲಸದಲ್ಲಿ ಬೆನ್ನು ಮುರಿದುಕೊಂಡವನಿಗೆ ಕೂತು ಮಾಡುವ ಕೆಲಸ ಕೊಡಬೇಕು. ತೂಕದ ಚೀಟಿ ಬರೆಯಲು, ಸ್ಟೋರಿನ ಲೆಕ್ಕವಿಡಲು, ಗೇಟಿನಲ್ಲಿ ಹಾಜರಿ ಹಿಡಿಯಲು ಕಾಲು ಬೇಕಾಗಿಲ್ಲ. ಇ.ಎಸ್.ಐ. ವಂತಿಗೆ ಕೊಡುವವರು ತಮ್ಮ ಚಿಕಿತ್ಸಾಲಯದಲ್ಲಿ ಕ್ಯಾಥೆಟರ್, ಕಾಲುಚೀಲಗಳನ್ನು ತಿಂಗಳು ತಿಂಗಳಿಗೆ ಸರಿಯಾಗಿ ಕೊಡಬೇಕೆಂದು ಬರವಣಿಗೆಯಲ್ಲಿ ಕೇಳಲಿ. ವಂತಿಗೆ ಇಲ್ಲದವರಿಗೆ ಜಿಲ್ಲಾ ಆಸ್ಪತ್ರೆಯಿಂದ ಸಿಗಬೇಕು. ಕಾಲಿಲ್ಲದವನಿಗೆ ಗಾಲಿಕುರ್ಚಿ ದಾನಮಾಡಿ ಫೋಟೋ ತೆಗೆಸಿಕೊಳ್ಳುವವರು ಬಹಳ ಮಂದಿ. ಆ ಕುರ್ಚಿಯಲ್ಲಿ ಕೂತವನಿಗೆ ವಾರಕ್ಕೊಂದು ಚೀಲ ಬೇಕು ಎಂದು ನೆನೆಯುವವರು ಕಡಿಮೆ.

ವ್ಯಾಪಾರಿ ಬಂಧುಗಳಿಗೆ ಹೇಳುವುದು ಇನ್ನೂ ಸುಲಭ. ಅಂಗಡಿಯ ಹೊಸ್ತಿಲು ಆರು ಇಂಚು ಎತ್ತರವಿದ್ದರೆ ಆರು ಅಡಿ ಉದ್ದದ ಗಟ್ಟಿ ಹಲಗೆ ಇಟ್ಟರೆ ಕುರ್ಚಿ ಒಳಗೆ ಬರುತ್ತದೆ. ಇಂಚಿಗೆ ಒಂದು ಅಡಿ ಎಂಬುದೇ ಲೆಕ್ಕ. ಔಷಧದಂಗಡಿಯವರು ಕಾಲುಚೀಲವನ್ನು ಪೇಟೆಗೆ ತರಿಸಿಡಲಿ; ಕೇಳಲು ಬಂದವರ ಮುಂದೆ ಅದನ್ನು ಎತ್ತಿ ಹಿಡಿದು "ಇದೇನಾ?" ಎಂದು ಕೂಗದೆ ಕಾಗದದಲ್ಲಿ ಸುತ್ತಿ ಕೊಡಲಿ. ದರ್ಜಿಗಳು ಪ್ಯಾಂಟಿನ ಒಳಹೊಲಿಗೆಯಲ್ಲಿ ಪಾದದಿಂದ ಮೊಣಕಾಲಿನವರೆಗೆ ಜಿಪ್ ಹಾಕಿಕೊಟ್ಟರೆ ಚೀಲದ ನಲ್ಲಿ ಸುಲಭವಾಗಿ ಕೈಗೆ ಸಿಗುತ್ತದೆ. ಹೋಟೆಲಿನವರು ಬಾಗಿಲು ಕೆಡವುವ ಮೊದಲೇ ಮಾಡಬಹುದಾದ ಒಂದು ಕೆಲಸವಿದೆ: ಹಿಂದಿನ ಬಚ್ಚಲಿನ ದಾರಿಯಲ್ಲಿ ಪೇರಿಸಿಟ್ಟ ಗ್ಯಾಸ್ ಸಿಲಿಂಡರು, ಖಾಲಿ ಡಬ್ಬಗಳನ್ನು ತೆಗೆಯುವುದು. ಅದಕ್ಕೆ ಕಾಸೂ ಬೇಡ.

ಇನ್ನು ಗೇಲಿ ಮಾಡುವವರಿಗೆ ಒಂದು ಮಾತು. ಚೀಲ ಸೋರಿ ಬಟ್ಟೆ ಒದ್ದೆಯಾದವನನ್ನು ನೋಡಿ ನಗುವುದು ಶೂರತನವಲ್ಲ. ಜನರೆದುರು ಅಂಗವಿಕಲರನ್ನು ಬೇಕೆಂದೇ ಅವಮಾನಿಸಿದವನಿಗೆ ಆರು ತಿಂಗಳಿನಿಂದ ಐದು ವರ್ಷದವರೆಗೆ ಸೆರೆವಾಸ ವಿಧಿಸಲು ಅದೇ 2016ರ ಕಾಯ್ದೆಯಲ್ಲಿ ಅವಕಾಶವಿದೆ. ಕಾಯ್ದೆಗೆ ಹೆದರಿ ಸುಮ್ಮನಾಗುವುದಕ್ಕಿಂತ, ಒಂದು ಹೊದಿಕೆ ಕೊಟ್ಟು ಏನೂ ಆಗಿಲ್ಲವೆಂಬಂತೆ ಮಾತು ಮುಂದುವರಿಸುವುದು ಮನುಷ್ಯರ ಲಕ್ಷಣ.

ನಾವು ನಮ್ಮ ಪಾಲಿನದನ್ನು ಶುರುಮಾಡಿದ್ದೇವೆ. ಇನ್ನು ಮುಂದೆ ಸಭೆಗೆ ಜಾಗ ಗೊತ್ತುಮಾಡುವ ಮೊದಲು ಅಳತೆಯ ಪಟ್ಟಿ ತೆಗೆದುಕೊಂಡು ಹೋಗುತ್ತೇವೆ. ಬಾಗಿಲು ಮೂರು ಅಡಿ ಇಲ್ಲದಿದ್ದರೆ, ಮೆಟ್ಟಿಲಿದ್ದು ಹಲಗೆ ಹಾಕಲು ಬಾರದಿದ್ದರೆ, ಆ ಜಾಗ ಬಾಡಿಗೆಯಿಲ್ಲದೆ ಸಿಕ್ಕರೂ ಬೇಡ. ಓದುಗರೂ ಈ ವಾರ ತಮ್ಮ ಗಿರಣಿ, ಅಂಗಡಿ, ಸಂಘದ ಕಚೇರಿ, ಕಲ್ಯಾಣಮಂಟಪಗಳ ಒಂದೊಂದು ಬಾಗಿಲು ಅಳೆದು ನಮಗೆ ಬರೆದು ತಿಳಿಸಲಿ. ಬಂದ ಅಳತೆಗಳ ಪಟ್ಟಿಯನ್ನು ನಗರಸಭೆಗೆ ಒಪ್ಪಿಸೋಣ. ಅದಕ್ಕೆ ಬಂದ ಉತ್ತರವನ್ನು ಇದೇ ಪುಟದಲ್ಲಿ ಅಚ್ಚು ಹಾಕೋಣ.

ಮುಂದಿನ ಸಭೆಗೂ ಆ ಗೆಳೆಯರನ್ನು ಕರೆದಿದ್ದೇವೆ. ಬರುತ್ತೇನೆ ಎಂದಿದ್ದಾರೆ. ಅವರು ಭಾಷಣ ಮೆಚ್ಚುತ್ತಾರೋ ಇಲ್ಲವೋ ನಮಗೆ ತಿಳಿಯದು. ಮನೆಯಿಂದ ನೀರು ಕುಡಿದು ಬರಲಿ, ಇಲ್ಲಿಯೂ ಕುಡಿಯಲಿ, ಸಭೆ ಮುಗಿಯುವ ತನಕ ನಿಶ್ಚಿಂತೆಯಿಂದ ಕೂತಿರಲಿ. ಅಷ್ಟಾದರೂ ನಮ್ಮ ಕೈಯಲ್ಲಿದೆ.